ಹೊಗೆಕೊಲ್ಲಿಯ ಬಿಸಿನೀರೂ ಜಲಜನಕವೂ

ಐಸ್‌ಲೆಂಡಿನ ರಾಜಧಾನಿ ರೇಕ್ಯಾವಿಕ್. ಹೆಸರಿನ ಅರ್ಥ ‘ಹೊಗೆಯ ಕೊಲ್ಲಿ’. ಒಂಬತ್ತನೆಯ ಶತಮಾನದಲ್ಲಿ ನಾರ್ವೆಯಿಂದ ಬಂದು ನೆಲೆಯೂರಿದ ಇಂಗೋಲ್ಫುರ್ ಆರ್ನರ್ಸನ್ ಬಿಸಿನೀರ ಬುಗ್ಗೆಗಳಿಂದೇಳುವ ಆವಿಯನ್ನು ಕಂಡು ಹೀಗೆ ಕರೆದನೆಂದು ಪ್ರತೀತಿ. ಸಾವಿರ ವರ್ಷಗಳ ತರುವಾಯ ಆ ಹೆಸರು ಬೇರೊಂದು ಬಗೆಯಲ್ಲಿ ನಿಜವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಒಲೆಗಳಲ್ಲಿ ಉರಿಯುತ್ತಿದ್ದುದು ಹಡಗಿನಲ್ಲಿ ತರಿಸಿದ ಕಲ್ಲಿದ್ದಲು. ಊರಮೇಲೆ ಕವಿಯುತ್ತಿದ್ದುದು ಅದರ ಕರಿಹೊಗೆ. ಕಾಲ ಕೆಳಗೆ ನೀರು ಕುದಿಯುತ್ತಿರಲು ಚಳಿ ಕಾಯಿಸಲು ಕಡಲಾಚೆಯ ಇದ್ದಲು!

ಆ ನೀರಿನ ಬೆಲೆ ಚೆನ್ನಾಗಿ ಬಲ್ಲವರು ಬಟ್ಟೆ ಒಗೆಯುವ ಹೆಂಗಸರು. ಹೊರೆ ಹೊತ್ತು ಸುಮಾರು 3 ಕಿಲೋಮೀಟರು ನಡೆದು, ಬುಗ್ಗೆಯಲ್ಲಿ ಒಗೆದು, ನೀರು ಕುಡಿದು ಭಾರವಾದ ಬಟ್ಟೆಯೊಡನೆ ಮರಳಬೇಕು. ಕಾಲು ಜಾರಿ ಕುದಿನೀರಿಗೆ ಬಿದ್ದು ಸತ್ತವರೂ ಉಂಟು. ಅವರು ನಡೆದ ದಾರಿಗೆ ಲೌಗವೇಗುರ್, ಎಂದರೆ ಬುಗ್ಗೆಯ ಹಾದಿ ಎಂದೇ ಹೆಸರು. ಇಂದು ಅದು ನಗರದ ದೊಡ್ಡ ಅಂಗಡಿಬೀದಿ. ಇಂಥ ಇತಿಹಾಸವನ್ನು ಎಂಜಿನಿಯರರಿಂದ ಆರಂಭಿಸುವುದು ವಾಡಿಕೆ. ಈ ಹೆಂಗಸರಿಂದ ಆರಂಭಿಸುವುದೇ ನ್ಯಾಯವೆಂದು ನನ್ನ ಎಣಿಕೆ. 1930ರಲ್ಲಿ ಆ ಬುಗ್ಗೆಗಳ ಬಳಿಯೇ ಕೊರೆದ ಬಾವಿಗಳ ನೀರು ಕೊಳವೆಯಲ್ಲಿ ಊರಿಗೆ ಬಂದಾಗ, ಅವರು ನಡೆದಷ್ಟು ದೂರವನ್ನೇ ನೀರು ನಡೆದು ಬಂದಂತಾಯಿತು. ಮೊದಲು ಬೆಚ್ಚಗಾದದ್ದು ಒಂದು ಶಾಲೆ, ಆಸ್ಪತ್ರೆ, ಈಜುಕೊಳ, ಸುಮಾರು 60–70 ಮನೆ. ಅಷ್ಟೆ.

ಆದರೂ 1973ರಲ್ಲಿ ತೈಲದ ಬೆಲೆ ಏರಿದಾಗ ಜನರಲ್ಲಿ ಅರ್ಧದಷ್ಟು ಮಂದಿ ಎಣ್ಣೆಯನ್ನೇ ನಂಬಿದ್ದರು. ಊರೂರಿಗೆ ಬಾವಿ ಕೊರೆಯುವ ಕೆಲಸ ಭರದಿಂದ ಸಾಗಿತು. ಕೊರೆದ ಕಡೆ ಬಿಸಿನೀರು ಸಿಕ್ಕದಿದ್ದರೆ ನಷ್ಟವನ್ನು ಸರ್ಕಾರದ ನಿಧಿ ಹೊರುತ್ತಿತ್ತು. ಈ ಒಂದು ಏರ್ಪಾಡಿನಿಂದಲೇ ಸಣ್ಣ ಊರುಗಳಿಗೆ ಧೈರ್ಯ ಬಂತೆನ್ನಬೇಕು. ಇಂದು ಹತ್ತರಲ್ಲಿ ಒಂಬತ್ತು ಮನೆಗಳನ್ನು ಬೆಚ್ಚಗಿಡುವುದು ಭೂಗರ್ಭದ ಶಾಖ.

ಮನೆಯೇನೋ ಬೆಚ್ಚಗಾಯಿತು. ಹಡಗು? ಐಸ್‌ಲೆಂಡು ಮೀನಿನಿಂದ ಬದುಕಿದ ನಾಡು. ಮೀನುಹಡಗಿಗೆ ಎಣ್ಣೆ ಬೇಕು, ಆ ಎಣ್ಣೆ ಹೊರಗಿನಿಂದಲೇ ಬರಬೇಕು. ಇದಕ್ಕೆ 1970ರ ದಶಕದಲ್ಲಿ ಉತ್ತರ ಹುಡುಕಹೊರಟವರು ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಬ್ರಾಗಿ ಆರ್ನಸನ್. ನೀರನ್ನು ವಿದ್ಯುತ್ತಿನಿಂದ ಒಡೆದು ಜಲಜನಕ ತೆಗೆಯೋಣ, ಅದೇ ಇಂಧನವಾಗಲಿ ಎಂಬುದು ಅವರ ವಾದ. ಇದು ಬರಿಯ ಕನಸಾಗಿರಲಿಲ್ಲ. ಗುಫುನೆಸ್‌ನ ಗೊಬ್ಬರದ ಕಾರ್ಖಾನೆ 1954ರಿಂದಲೇ ಹೀಗೆ ಜಲಜನಕ ತಯಾರಿಸುತ್ತಿತ್ತು. ಕನ್ನಡ ಮೇಷ್ಟರಾದ ನನಗೆ ಹೆಸರಿನ ಮೇಲೂ ಕಣ್ಣು: ಐಸ್‌ಲೆಂಡಿಗರು ‘ವತ್ನ್’, ಎಂದರೆ ನೀರು, ಎಂಬ ಮಾತಿನಿಂದ ಹೈಡ್ರೋಜನ್ನಿಗೆ ‘ವೆತ್ನಿ’ ಎಂದು ಹೆಸರು ಕಟ್ಟಿಕೊಂಡರು. ನಮ್ಮ ಜಲಜನಕಕ್ಕೆ ದೂರದ ದಾಯಾದಿ!

ಇಪ್ಪತ್ತು ವರ್ಷ ಯಾರೂ ಅವರ ಮಾತಿಗೆ ಹೆಚ್ಚು ಕಿವಿಗೊಡಲಿಲ್ಲ. 1999ರಲ್ಲಿ ಸರ್ಕಾರದ ಒತ್ತಾಸೆಯಿಂದ ಒಂದು ಸಂಸ್ಥೆ ಹುಟ್ಟಿತು. ಡೈಮ್ಲರ್‌ಕ್ರೈಸ್ಲರ್, ಶೆಲ್, ನಾರ್ವೆಯ ನೋರ್ಸ್ಕ್ ಹೈಡ್ರೋ ಕಂಪನಿಗಳು ಕೈಜೋಡಿಸಿದವು. 2003ರ ಏಪ್ರಿಲಿನಲ್ಲಿ ರೇಕ್ಯಾವಿಕ್‌ನಲ್ಲಿ ಜಲಜನಕದ ಬಂಕು ತೆರೆಯಿತು. ಶರತ್ಕಾಲಕ್ಕೆ ಮೂರು ಬಸ್ಸುಗಳು ಆವಿಯನ್ನಷ್ಟೇ ಬಿಡುತ್ತ ಬೀದಿಗಿಳಿದವು. ಲೋಕದ ಪತ್ರಿಕೆಗಳೆಲ್ಲ ಹಾಡಿ ಹೊಗಳಿದವು. 2007ರ ಆರಂಭದಲ್ಲಿ ಪ್ರಯೋಗ ಮುಗಿದು ಬಸ್ಸುಗಳು ನಿಂತವು. ಮರುವರ್ಷ ದೇಶದ ಬ್ಯಾಂಕುಗಳೇ ಕುಸಿದುಬಿದ್ದವು.

ಬ್ಯಾಂಕುಗಳ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ನನಗೆ ಕಾಣುವುದು ಬೇರೆ. ಬಿಸಿನೀರಿನ ವಿಷಯದಲ್ಲಿ ಬಾವಿ, ಕೊಳವೆ ಎಲ್ಲವೂ ಊರಿನವೇ. ಒಂದು ಬೀದಿಗೆ ಸಾಲದೆ ಬಂದರೆ ಮರುವರ್ಷ ಸರಿಪಡಿಸಬಹುದಿತ್ತು. ಜಲಜನಕದಲ್ಲಿ ವಿದ್ಯುತ್ತು ಮಾತ್ರ ಐಸ್‌ಲೆಂಡಿನದು, ಎಂಜಿನ್ನು ಪರರದು. ವಾಹನ ತಯಾರಕರು ಬ್ಯಾಟರಿಯತ್ತ ಹೊರಳಿದಾಗ ಪುಟ್ಟ ದ್ವೀಪ ಮಾಡಬಹುದಾದುದು ಏನೂ ಉಳಿಯಲಿಲ್ಲ. ಲೆಕ್ಕವೂ ಬ್ಯಾಟರಿಯ ಕಡೆಗೇ ಇತ್ತು: ವಿದ್ಯುತ್ತನ್ನು ಜಲಜನಕ ಮಾಡಿ, ಒತ್ತಿ ತುಂಬಿ, ಮತ್ತೆ ವಿದ್ಯುತ್ತಾಗಿಸಿದರೆ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತದೆ.

ಕಾರಿಗೆ ಬ್ಯಾಟರಿ ಸಾಕು. ವಾರಗಟ್ಟಲೆ ಅಟ್ಲಾಂಟಿಕ್ಕಿನಲ್ಲಿರುವ ಮೀನುಹಡಗಿಗೆ ಸಾಲದು. ಜಲಜನಕವೋ ಅದರಿಂದಾದ ಅಮೋನಿಯ, ಮೆಥನಾಲುಗಳೋ ಬೇಕಾದೀತು. ಸೋರಿಕೆ ಇಷ್ಟಿರುವಲ್ಲಿ ವಿದ್ಯುತ್ತು ರಾಶಿ ರಾಶಿಯಾಗಿ ಬೇಕು. ಈಗಾಗಲೇ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ನುಂಗುವವು ಅಲ್ಯೂಮಿನಿಯಂ ಕಾರ್ಖಾನೆಗಳು. ಅಂಥ ಒಂದು ಕಾರ್ಖಾನೆಗಾಗಿಯೇ ಕೌರಾಹ್ನ್ಯುಕರ್‌ನಲ್ಲಿ ಅಣೆಕಟ್ಟು ಕಟ್ಟಿದಾಗ, 2006ರಲ್ಲಿ ರೇಕ್ಯಾವಿಕ್‌ನ ಬೀದಿಗಳಲ್ಲಿ ಸಾವಿರಾರು ಜನ ಮೆರವಣಿಗೆ ಹೊರಟರು. ಆ ಜಗಳ ಹಳೆಯದು. ಗುಲ್‌ಫೋಸ್ ಜಲಪಾತವನ್ನು ವಿದ್ಯುತ್ತಿಗೆ ಕೊಟ್ಟರೆ ಅದರೊಳಗೇ ಹಾರುವೆನೆಂದಳಂತೆ ಸಿಗ್ರಿದುರ್ ತೋಮಸ್‌ದೊತ್ತಿರ್ ಎಂಬ ರೈತನ ಮಗಳು. ಮೊಕದ್ದಮೆ ಸೋತಳು, ಗೇಣಿಯ ಹಣ ಸಂದಾಯವಾಗದೆ ಕರಾರು 1929ರಲ್ಲಿ ಬಿದ್ದುಹೋಗಿ ಜಲಪಾತ ಉಳಿಯಿತು. ಅವಳ ವಕೀಲ ಸ್ವೇನ್ ಬ್ಯೋರ್ನ್‌ಸನ್ ಮುಂದೆ ಗಣರಾಜ್ಯದ ಮೊದಲ ಅಧ್ಯಕ್ಷನಾದನು.

ಹಡಗಿನ ಇಂಧನಕ್ಕೆ ಇನ್ನು ಯಾವ ನದಿಯನ್ನು ಕೇಳುವುದು, ಯಾವ ಕಾರ್ಖಾನೆಯ ಪಾಲನ್ನು ತಗ್ಗಿಸುವುದು, ಯಾವ ಬೆಟ್ಟದ ಮೇಲೆ ಗಾಳಿಯಂತ್ರ ನಿಲ್ಲಿಸುವುದು ಎಂಬ ಮಾತು ಅಲ್ಲಿ ಇನ್ನೂ ಮುಗಿದಿಲ್ಲ. ಬ್ರಾಗಿ ಆರ್ನಸನ್ 2017ರಲ್ಲಿ ತೀರಿಕೊಂಡರು. ಮೀನುಹಡಗುಗಳು ಎಣ್ಣೆ ತುಂಬಿಕೊಂಡೇ ಕಡಲಿಗಿಳಿಯುತ್ತಿವೆ.