ಗೋಳದ ಘನಫಲ: ಸಾವಿರ ವರ್ಷದ ಒಂದು ಲೆಕ್ಕ

ಗೋಳದ ಘನಫಲದ ಸೂತ್ರ ಹೈಸ್ಕೂಲು ಓದಿದವರಿಗೆಲ್ಲ ಪರಿಚಿತ. ಅರ್ಧವ್ಯಾಸದ ಘನವನ್ನು 'ಪೈ'ಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಮೂರರಿಂದ ಭಾಗಿಸಬೇಕು. ಆದರೆ ಈ ನಾಲ್ಕು, ಈ ಮೂರು ಎಲ್ಲಿಂದ ಬಂದವು ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಪೆಟ್ಟಿಗೆಯಾದರೆ ಉದ್ದ, ಅಗಲ, ಎತ್ತರ ಗುಣಿಸಿದರಾಯಿತು. ಗೋಳಕ್ಕೆ ಅಂಚಿಲ್ಲ, ಮೂಲೆಯಿಲ್ಲ. ಗ್ರೀಕರ ಆರ್ಕಿಮಿಡೀಸ್ ಕ್ರಿ.ಪೂ. 3ನೆಯ ಶತಮಾನದಲ್ಲೇ ಇದನ್ನು ಬಿಡಿಸಿದ್ದನು. ನಮ್ಮ ದೇಶದಲ್ಲಿ ಈ ಒಗಟು ಬಿಡಿಸಿಕೊಂಡ ಬಗೆ ಬೇರೆ. ಅದರ ಒಂದು ಹೆಜ್ಜೆ ಕನ್ನಡ ಅರಸನೊಬ್ಬನ ಕಾಲದಲ್ಲಿದೆ, ಇನ್ನೊಂದು ಮಲಯಾಳದ ಗದ್ಯದಲ್ಲಿದೆ. ಈ ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದು ತಿಳಿದಿರಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಕ್ರಿ.ಶ. 499ರ 'ಆರ್ಯಭಟೀಯ'ದಲ್ಲಿ ವೃತ್ತದ ವಿಸ್ತೀರ್ಣದ ನಿಯಮ ಸರಿಯಾಗಿದೆ. ಗೋಳದ ನಿಯಮ ಮಾತ್ರ ತಪ್ಪಾಗಿದೆ. ವೃತ್ತದ ವಿಸ್ತೀರ್ಣವನ್ನು ಅದರದೇ ವರ್ಗಮೂಲದಿಂದ ಗುಣಿಸಬೇಕೆಂದು ಆರ್ಯಭಟ ಹೇಳುತ್ತಾನೆ. ಚೌಕದ ವಿಸ್ತೀರ್ಣವನ್ನು ಅದರ ವರ್ಗಮೂಲದಿಂದ ಗುಣಿಸಿದರೆ ಘನಾಕೃತಿಯ ಅಳತೆ ಸಿಗುತ್ತದೆ. ಅದೇ ಹೋಲಿಕೆಯನ್ನು ಗೋಳಕ್ಕೂ ಹಚ್ಚಿರಬೇಕೆಂದು ಊಹಿಸಬಹುದು. ಅರ್ಧವ್ಯಾಸ 10 ಅಂಗುಲವಾದರೆ ಈ ನಿಯಮದಂತೆ ಸುಮಾರು 5568 ಘನ ಅಂಗುಲ ಬರುತ್ತದೆ. ಸರಿಯಾದ ಉತ್ತರ ಸುಮಾರು 4189.

ಸುಮಾರು 850ರಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದನು. ಈ ಜೈನ ಗಣಿತಜ್ಞ ತನ್ನ ಗ್ರಂಥದ ಆರಂಭದಲ್ಲಿ ಕೊಂಡಾಡುವುದು ರಾಷ್ಟ್ರಕೂಟರ ನೃಪತುಂಗನನ್ನು. 'ಕವಿರಾಜಮಾರ್ಗ'ದೊಂದಿಗೆ ನಾವು ನೆನೆಯುವ ಅದೇ ಅರಸನನ್ನು. ಅರ್ಧವ್ಯಾಸದ ಘನದ ಅರ್ಧವನ್ನು ಒಂಬತ್ತರಿಂದ ಗುಣಿಸಿದರೆ ಸ್ಥೂಲಫಲ, ಅದರ ಹತ್ತರಲ್ಲಿ ಒಂಬತ್ತು ಪಾಲು ಸೂಕ್ಷ್ಮಫಲ ಎಂಬುದು ಅವನ ನಿಯಮ. ನಮ್ಮ ಗೋಳಕ್ಕೆ ಇವು 4500 ಮತ್ತು 4050 ಆಗುತ್ತವೆ. ಒಂದು ಹೆಚ್ಚು, ಇನ್ನೊಂದು ಕಡಿಮೆ. ಆದರೂ ಆರ್ಯಭಟನ ಲೆಕ್ಕಕ್ಕಿಂತ ಎರಡೂ ಸತ್ಯಕ್ಕೆ ಬಹಳ ಹತ್ತಿರ.

ಸರಿಯಾದ ನಿಯಮ ಭಾಸ್ಕರಾಚಾರ್ಯನ 'ಲೀಲಾವತಿ'ಯಲ್ಲಿ (1150) ಇದೆ: ಗೋಳದ ಮೇಲ್ಮೈಯ ವಿಸ್ತೀರ್ಣವನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸು. ಗೋಳವನ್ನು ಕೇಂದ್ರದಲ್ಲಿ ತುದಿ ಕೂಡುವ, ಸೂಜಿಯಂತೆ ಚೂಪಾದ ಅಸಂಖ್ಯ ತುಂಡುಗಳಾಗಿ ಭಾವಿಸಿ ಅವನು ಇದಕ್ಕೆ ಕಾರಣವನ್ನೂ ಕೊಟ್ಟನು.

ಇನ್ನು ಕೇರಳದ ಮಾತು. ಸುಮಾರು 1530ರಲ್ಲಿ ಜ್ಯೇಷ್ಠದೇವನು 'ಯುಕ್ತಿಭಾಷಾ' ಬರೆದನು. ಅಂದಿನ ಶಾಸ್ತ್ರಗ್ರಂಥಗಳು ಸಾಮಾನ್ಯವಾಗಿ ಸಂಸ್ಕೃತ ಶ್ಲೋಕದಲ್ಲಿರುತ್ತಿದ್ದವು. ಇದು ಮಲಯಾಳ ಗದ್ಯದಲ್ಲಿದೆ. ನಿಯಮ ಹೇಳಿ ನಿಲ್ಲದೆ ಅದರ ಯುಕ್ತಿಯನ್ನು, ಎಂದರೆ ಕಾರಣವನ್ನು, ವಿವರಿಸುವುದೇ ಇದರ ಉದ್ದೇಶ.

ಗೋಳವನ್ನು ಲಿಂಬೆಹಣ್ಣಿನಂತೆ ತೆಳುವಾದ ಬಿಲ್ಲೆಗಳಾಗಿ ಕೊಯ್ಯಿರಿ. ಪ್ರತಿ ಬಿಲ್ಲೆಯೂ ವ್ಯಾಸವನ್ನು ಎರಡು ತುಂಡು ಮಾಡುತ್ತದೆ. ಇವಕ್ಕೆ ಶರಗಳೆಂದು ಹೆಸರು. ಎರಡು ಶರಗಳನ್ನು ಗುಣಿಸಿದರೆ ಆ ಬಿಲ್ಲೆಯ ಅರ್ಧವ್ಯಾಸದ ವರ್ಗ ಸಿಗುತ್ತದೆ. ಗುಣಿಸುವ ಬದಲು ಹೀಗೂ ಮಾಡಬಹುದು: ಇಡೀ ವ್ಯಾಸದ ವರ್ಗದಿಂದ ಎರಡು ಶರಗಳ ವರ್ಗಗಳನ್ನು ಕಳೆದು, ಉಳಿದುದನ್ನು ಅರ್ಧ ಮಾಡಿ.

ಈಗ ಎಲ್ಲ ಬಿಲ್ಲೆಗಳನ್ನೂ ಕೂಡಿಸಬೇಕು. ಇಲ್ಲಿಯೇ ಜಾಣ್ಮೆ ಇರುವುದು. 1ರಿಂದ 10ರವರೆಗಿನ ವರ್ಗಗಳ ಮೊತ್ತ 385. ಹತ್ತರ ಘನ 1000. 1ರಿಂದ 100ರವರೆಗಿನ ವರ್ಗಗಳ ಮೊತ್ತ 3,38,350; ನೂರರ ಘನ 10,00,000. ಬಿಲ್ಲೆ ತೆಳುವಾದಷ್ಟೂ ಈ ಮೊತ್ತ ಘನದ ಮೂರನೆಯ ಒಂದು ಪಾಲಿಗೆ ಹತ್ತಿರವಾಗುತ್ತದೆ. ಒಂದು ಬದಿಯ ಶರಗಳಿಂದ ವ್ಯಾಸದ ಘನದ ಮೂರನೆಯ ಒಂದು ಪಾಲು, ಇನ್ನೊಂದು ಬದಿಯವುಗಳಿಂದ ಅಷ್ಟೇ. ಎರಡನ್ನೂ ವ್ಯಾಸದ ಘನದಿಂದ ಕಳೆದರೆ ಮೂರನೆಯ ಒಂದು ಪಾಲು ಉಳಿಯುತ್ತದೆ; ಅದರ ಅರ್ಧ ಆರನೆಯ ಒಂದು ಪಾಲು. ಬಿಲ್ಲೆಗಳು ದುಂಡಗಿರುವುದರಿಂದ ಪೈಯಿಂದ ಗುಣಿಸಬೇಕು. ವ್ಯಾಸ 20 ಅಂಗುಲವಾದರೆ 8000ದ ಆರನೆಯ ಒಂದು ಪಾಲನ್ನು ಪೈಯಿಂದ ಗುಣಿಸಿ ನೋಡಿರಿ: 4189. ಒಗಟು ಬಿಡಿಸಿತು. ನ್ಯೂಟನ್ ಹುಟ್ಟಿದ್ದು ಇದಾಗಿ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ.

ಕೇರಳದ ಈ ಗಣಿತದ ಬಗೆಗೆ ಚಾರ್ಲ್ಸ್ ವಿಶ್ ಎಂಬ ಆಂಗ್ಲ ಅಧಿಕಾರಿಯ ಲೇಖನ 1834ರಲ್ಲಿ ಅಚ್ಚಾಯಿತು. 'ಯುಕ್ತಿಭಾಷಾ'ದ ಗಣಿತಭಾಗ ಟಿಪ್ಪಣಿಗಳೊಡನೆ ತೃಶ್ಶೂರಿನಲ್ಲಿ ಪುಸ್ತಕವಾದದ್ದು 1948ರಲ್ಲಿ.

ಈ ಕತೆಯನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಮಲಯಾಳವನ್ನು ನಮ್ಮ ಮೇಲೆ ಹೇರಲಾಗುತ್ತಿದೆ ಎಂಬ ನೋವು ಗಡಿನಾಡಿನ ಕನ್ನಡಿಗರಿಗೆ ಇದೆ. ಅದು ನಿರಾಧಾರವೂ ಅಲ್ಲ. ನಮ್ಮ ಮಕ್ಕಳು ಕನ್ನಡದಲ್ಲಿ ಕಲಿಯುವ ಹಕ್ಕನ್ನು ಬಿಟ್ಟುಕೊಡಲಾಗದು. ಆದರೆ ಕಚೇರಿಯ ಕಾಗದದ ಮಲಯಾಳ ಬೇರೆ, ಜ್ಯೇಷ್ಠದೇವನ ಮಲಯಾಳ ಬೇರೆ. ನಮ್ಮ ಪಾಠದ 'ಘನಫಲ' ನೆರೆಮನೆಯ ಮಗುವಿಗೆ 'ವ್ಯಾಪ್ತಂ', ಗೋಳ ಒಂದೇ. 12ನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಗಣಿತವನ್ನು ತಾಳುವ ಶಕ್ತಿ ನಮ್ಮ ನುಡಿಗೂ ಇದೆ. ಸೂತ್ರವನ್ನು ಬಾಯಿಪಾಠ ಮಾಡಿಸುವಲ್ಲಿಗೆ ನಿಲ್ಲದೆ ಅದರ ಯುಕ್ತಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ, ಭಾಷೆಯನ್ನು ಉಳಿಸುವ ಕೆಲಸವೂ ಅದರಲ್ಲಿಯೇ ಆಗುತ್ತದೆ.