ಚಿತ್ರದ ಕೆಳಗಿನ ಒಂದು ಸಾಲು

ನಾನು ಅಧ್ಯಾಪಕನಾಗಿದ್ದಷ್ಟು ಕಾಲವೂ ಹೊಯ್ಸಳರ ಪಾಠ ಬಂದಾಗ ಪಠ್ಯಪುಸ್ತಕದ ಮಸುಕು ಚಿತ್ರವನ್ನೇ ಎತ್ತಿ ಹಿಡಿದು ತೋರಿಸುತ್ತಿದ್ದೆ. ಅದು ಬೇಲೂರಿನದೋ ಹಳೇಬೀಡಿನದೋ ಆಗಿರುತ್ತಿತ್ತು. ತರೀಕೆರೆಯಿಂದ ಹತ್ತು ಕಿಲೋಮೀಟರಿನಷ್ಟರಲ್ಲೇ ಅಮೃತಾಪುರದ ದೇವಾಲಯವಿದ್ದರೂ ನಮ್ಮ ಮಕ್ಕಳಿಗೆ ತೋರಿಸಲು ಅದರದೊಂದು ಚಿತ್ರ ನನ್ನಲ್ಲಿರಲಿಲ್ಲ. ಈ ಕೊರಗು ನಿವೃತ್ತಿಯ ನಂತರವೂ ಉಳಿದಿತ್ತು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬನ ಮಗಳು ತನ್ನ ಕಾಲೇಜಿನ ಗೆಳೆಯ ಗೆಳತಿಯರೊಡನೆ ಮನೆಗೆ ಬಂದಳು. "ಮೇಷ್ಟ್ರೇ, ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಗುಡಿ, ಶಾಸನ, ವೀರಗಲ್ಲುಗಳ ಚಿತ್ರ ತೆಗೆದು ಒಂದು ಜಾಲತಾಣದಲ್ಲಿ ಇಡಬೇಕೆಂದಿದ್ದೇವೆ. ನೀವು ವಿವರ ಬರೆದುಕೊಡಬೇಕು" ಎಂದಳು. ಸಂತೋಷದಿಂದ ಒಪ್ಪಿದೆ. ವಿವರ ಬರೆಯುವುದು ಎಷ್ಟು ಕಷ್ಟದ ಕೆಲಸವೆಂಬುದು ಆಗ ನನಗೂ ತಿಳಿದಿರಲಿಲ್ಲ.

ಅಮೃತಾಪುರದಿಂದಲೇ ಆರಂಭಿಸಿದೆವು. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ ಅದು. ಅಲ್ಲಿಯ ದೊಡ್ಡ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ. ತೆರೆದ ಮಂಟಪದ ಹೊರಗೋಡೆಯ ಸುತ್ತ 140 ಕಥಾಪಟ್ಟಿಕೆಗಳಿವೆ. ದಕ್ಷಿಣದ ಗೋಡೆಯಲ್ಲಿ ರಾಮಾಯಣದ 70, ಉತ್ತರದ ಗೋಡೆಯಲ್ಲಿ ಕೃಷ್ಣಕಥೆಯ 25 ಮತ್ತು ಮಹಾಭಾರತದ 45.

ಮಕ್ಕಳು ಭಕ್ತಿಯಿಂದ ಪ್ರದಕ್ಷಿಣೆ ಬರುತ್ತಲೇ ಒಂದೊಂದು ಪಟ್ಟಿಕೆಯ ಚಿತ್ರವನ್ನೂ ತೆಗೆದರು. ಕಂಪ್ಯೂಟರು ಅವನ್ನು ತೆಗೆದ ಹೊತ್ತಿನ ಕ್ರಮದಲ್ಲಿ ಜೋಡಿಸಿತು. ಸಂಜೆ ಕುಳಿತು ನೋಡಿದರೆ ರಾಮಾಯಣ ಹಿಂದುಮುಂದಾಗಿ ನಿಂತಿತ್ತು! ಯಂತ್ರದ ತಪ್ಪೇನೂ ಇರಲಿಲ್ಲ. ಅಮೃತಾಪುರದಲ್ಲಿ ಉತ್ತರದ ಗೋಡೆಯ ಕಥೆಗಳು ವಾಡಿಕೆಯಂತೆ ಪ್ರದಕ್ಷಿಣವಾಗಿ ಸಾಗಿದರೆ, ದಕ್ಷಿಣದ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತದೆ. ಶಿಲ್ಪಿಯ ಆ ಕ್ರಮವನ್ನು ಬಲ್ಲವರು ಯಾರಾದರೂ ಬರೆದಿಡದಿದ್ದರೆ, 70 ಒಳ್ಳೆಯ ಚಿತ್ರಗಳಿದ್ದೂ ಓದುಗನಿಗೆ ಕಥೆ ದೊರೆಯುವುದಿಲ್ಲ. ಮಕ್ಕಳು ನಗುತ್ತಲೇ ಸಂಖ್ಯೆಗಳನ್ನು ತಿದ್ದಿದರು.

ಚಿತ್ರ ಮತ್ತು ಬರಹದ ಈ ನಂಟು ನಮ್ಮ ಶಾಸನಶಾಸ್ತ್ರದ ಇತಿಹಾಸದಷ್ಟೇ ಹಳೆಯದು. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಶಿಲಾಶಾಸನ, ತಾಮ್ರಶಾಸನಗಳ ಛಾಯಾಚಿತ್ರ ತೆಗೆದ. ಅವನ್ನು ಓದಿ ಅನುವಾದಿಸುವ ಹೊಣೆ ಬಿ.ಎಲ್. ರೈಸ್ ಅವರ ಪಾಲಿಗೆ ಬಂದು, 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಎಂಬ ಗ್ರಂಥ ಹೊರಬಂತು. ಮುಂದೆ ರೈಸ್ ಅವರು ಊರೂರಿನ ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದರು. ಅಂದು ಕಡೂರು ಜಿಲ್ಲೆ ಎನಿಸಿಕೊಂಡಿದ್ದ ನಮ್ಮ ಸೀಮೆಯದು ಆರನೆಯ ಸಂಪುಟ, ಮುದ್ರಣವಾದದ್ದು 1901ರಲ್ಲಿ.

ಆ ಸಂಪುಟವನ್ನು ಮಕ್ಕಳ ಮುಂದಿಟ್ಟೆ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ, ಊರು, ಕಲ್ಲು ನಿಂತಿರುವ ಜಾಗ. ಕಡೂರಿನ ಕಂಬದ ಶಾಸನವೂ ಅದರಲ್ಲಿದೆ. ಗಂಗರ ದೊರೆ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲನ್ನು ಕಿತ್ತು ದೀಕ್ಷೆ ಪಡೆದು, ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ದೇಹ ಬಿಟ್ಟ ಸಂಗತಿ ನಮಗೆ ತಿಳಿದಿರುವುದು ಆ ಕಂಬದಿಂದ. "ಅಜ್ಜಂಪುರ ತಾಲ್ಲೂಕೇ ಇದರಲ್ಲಿಲ್ಲವಲ್ಲ, ಮೇಷ್ಟ್ರೇ" ಎಂದು ಒಬ್ಬ ಹುಡುಗ ಕೇಳಿದ. ಅಜ್ಜಂಪುರ ತಾಲ್ಲೂಕಾದದ್ದು ಈಚೆಗೆ. ಆ ಕಡೆಯ ಊರುಗಳನ್ನು ಹಳೆಯ ತಾಲ್ಲೂಕುಗಳ ಅಡಿಯಲ್ಲಿ ಹುಡುಕಬೇಕು. ಆದ್ದರಿಂದ ನಮ್ಮ ಜಾಲತಾಣದಲ್ಲಿ ಇಂದಿನ ತಾಲ್ಲೂಕು, ರೈಸ್ ಅವರ ಕಾಲದ ತಾಲ್ಲೂಕು ಎರಡನ್ನೂ ಬರೆಯುವುದೆಂದು ನಿಶ್ಚಯಿಸಿದೆವು.

ಶಾಸನದ ಚಿತ್ರ ತೆಗೆಯುವುದನ್ನೂ ಕಲಿಯಬೇಕಾಯಿತು. ಅಕ್ಷರ ಕಾಣಲೆಂದು ಒಬ್ಬಳು ಸೀಮೆಸುಣ್ಣ ಬಳಿಯಲು ಹೊರಟಾಗ ತಡೆದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬಿದ್ದರೆ ಸವೆದ ಅಕ್ಷರದ ಗೆರೆಯಲ್ಲೂ ನೆರಳು ನಿಲ್ಲುತ್ತದೆ. ಕಲ್ಲಿನ ಪಕ್ಕದಲ್ಲಿ ಅಳತೆಪಟ್ಟಿಯೊಂದಿದ್ದರೆ ಅದರ ಗಾತ್ರವೂ ತಿಳಿಯುತ್ತದೆ.

ಇಷ್ಟೆಲ್ಲ ಕಲಿತದ್ದು ಒಂದು ನಷ್ಟವಾದ ಮೇಲೆ ಎಂಬುದನ್ನು ಹೇಳಲೇಬೇಕು. ಮೊದಲ ತಿಂಗಳುಗಳಲ್ಲಿ ಮಕ್ಕಳು ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ಕಳುಹಿಸಿಕೊಳ್ಳುತ್ತಿದ್ದರು. ಹಾಗೆ ಕಳುಹಿಸಿದಾಗ ಚಿತ್ರ ಕುಗ್ಗುತ್ತದೆ, ಅದರೊಳಗೆ ಅಡಗಿರುವ ದಿನಾಂಕ, ಸ್ಥಳಗಳ ಗುರುತು ಅಳಿಸಿಹೋಗುತ್ತದೆ. ಆ ರಾಶಿಯಲ್ಲಿ ಒಂದು ವೀರಗಲ್ಲಿನ ಚಿತ್ರವಿತ್ತು: ಕೆಳಗೆ ಹೋರಾಟ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಕೆರೆಯ ಏರಿಯ ಮೇಲೆ ತೆಗೆದದ್ದೆಂಬುದಷ್ಟೇ ನೆನಪು. ಒಬ್ಬ ಕಡೂರಿನ ಕಡೆಯ ಕೆರೆ ಎಂದ, ಇನ್ನೊಬ್ಬ ಅಜ್ಜಂಪುರದ ಕಡೆಯದೆಂದ. ಹುಡುಕಿಕೊಂಡು ಹೋದೆವು. ಒಂದು ಏರಿಯ ಮೇಲೆ ರಸ್ತೆ ಅಗಲವಾಗಿತ್ತು, ಕಲ್ಲಿರಲಿಲ್ಲ. ಇನ್ನೊಂದರಲ್ಲಿ ಅಂಥ ಕಲ್ಲು ಇತ್ತೆಂದು ಬಲ್ಲವರೇ ಸಿಗಲಿಲ್ಲ. ಊರು ಬರೆದಿದ್ದರೆ ಗ್ರಾಮ ಪಂಚಾಯಿತಿಯವರಲ್ಲಿ ಕೇಳಬಹುದಿತ್ತು, ಕಲ್ಲು ಇಂಥಲ್ಲಿತ್ತೆಂದು ತೋರಿಸಬಹುದಿತ್ತು. ಕೈಯಲ್ಲಿ ಚಿತ್ರವಿದ್ದೂ ನಾವು ಬಾಯಿಲ್ಲದವರಾದೆವು. ತುರುಗೊಳ್ಳುವವರನ್ನು ತಡೆದು ಸತ್ತನೋ, ಊರಳಿವಿನಲ್ಲಿ ಮಡಿದನೋ, ಆ ವೀರನಿಗೆ ಊರಿನವರು ಕಲ್ಲು ನಿಲ್ಲಿಸಿದ್ದು ಅವನು ಮರೆತುಹೋಗಬಾರದೆಂದು. ನಮ್ಮ ಅಜಾಗರೂಕತೆಯಿಂದ ಅವನಿಗೆ ಊರೇ ಇಲ್ಲದಂತಾಯಿತು.

ಜಾಲತಾಣಕ್ಕೆ ವರ್ಷವರ್ಷವೂ ಬಾಡಿಗೆ ಕಟ್ಟಬೇಕು. ಮಕ್ಕಳು ಓದು ಮುಗಿಸಿ ಊರು ಬಿಟ್ಟ ಮೇಲೆ ಕಟ್ಟುವವರಾರು? ಆದ್ದರಿಂದ ವಿವರವಿರುವ ಚಿತ್ರಗಳನ್ನು 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್‌ಗೂ ಏರಿಸತೊಡಗಿದೆವು. ಅಲ್ಲಿ ಚಿತ್ರ ತೆಗೆದವರು ಯಾರು, ಎಂದು, ಎಲ್ಲಿ ಎಂಬುದಕ್ಕೆ ಪ್ರತ್ಯೇಕ ಜಾಗಗಳಿವೆ. ತೆಗೆದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಲು ಅನುಮತಿ ಕೊಡಬೇಕು. ಇಂದು ಯಾವ ಶಾಲೆಯ ಅಧ್ಯಾಪಕರಾದರೂ ಅಮೃತಾಪುರದ ಪಟ್ಟಿಕೆಯನ್ನು ಮಕ್ಕಳಿಗೆ ತೋರಿಸಬಹುದು. ನನ್ನ ಹಳೆಯ ಕೊರಗು ಅಷ್ಟರಮಟ್ಟಿಗೆ ತೀರಿದೆ.

ಆ ವೀರಗಲ್ಲಿನ ಚಿತ್ರವನ್ನು ತೆಗೆದುಹಾಕೋಣವೆಂದು ಮಕ್ಕಳು ಹೇಳಿದರು. ನಾನು ಬೇಡವೆಂದೆ. ನಮ್ಮ ಜಾಲತಾಣದಲ್ಲಿ ಅದು ಹಾಗೆಯೇ ಇದೆ. ಕೆಳಗೆ 'ಊರು:' ಎಂದು ಬರೆದು ಮುಂದಿನ ಜಾಗ ಖಾಲಿ ಬಿಟ್ಟಿದ್ದೇವೆ. ಆ ಸೀಮೆಯ ಹಿರಿಯರು ಯಾರಾದರೂ ನೋಡಿ, "ಇದು ನಮ್ಮ ಕೆರೆಯ ಕಲ್ಲು" ಎಂದು ಹೇಳಿಯಾರೆಂಬ ಆಸೆ ನನಗಿನ್ನೂ ಇದೆ.