ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ: ಅರ್ಜಿ ಎಲ್ಲಿಗೆ, ಹಣ ಎಲ್ಲಿಂದ?

ಬಿಳಿಗೆರೆ (ನಂಜನಗೂಡು ತಾಲ್ಲೂಕು): ಬಿ.ಎ. ಅಥವಾ ಬಿ.ಕಾಂ. ಮುಗಿಸಿದ ಗ್ರಾಮೀಣ ವಿದ್ಯಾರ್ಥಿಗಳಲ್ಲಿ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯ ಸ್ನಾತಕೋತ್ತರ ಪದವಿಯ ಕಡೆಗೆ ಒಲವು ತೋರುವವರು ಕಡಿಮೆಯೇನಿಲ್ಲ. ಯಾವುದೇ ವಿಷಯದಲ್ಲಿ ಪದವಿ ಪಡೆದವರಿಗೂ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಇದರ ಬಾಗಿಲು ತೆರೆದಿರುವುದು ಒಂದು ಕಾರಣ. ಸರ್ಕಾರಿ ಯೋಜನೆ, ಆಸ್ಪತ್ರೆ, ಸ್ವಯಂಸೇವಾ ಸಂಸ್ಥೆ, ಕಾರ್ಖಾನೆ ಎಲ್ಲೆಡೆಯೂ ಈ ಪದವಿಗೆ ಒಂದಲ್ಲ ಒಂದು ಹುದ್ದೆ ಇರುವುದು ಮತ್ತೊಂದು. ಆದರೆ ಪ್ರವೇಶ ಪಡೆಯುವುದಕ್ಕಿಂತ ಎರಡು ವರ್ಷಗಳ ಖರ್ಚನ್ನು ತೂಗಿಸುವುದೇ ಕಷ್ಟ ಎಂಬುದು ಪ್ರವೇಶ ದೊರೆತ ಮೇಲಷ್ಟೇ ಅನೇಕರ ಅರಿವಿಗೆ ಬರುತ್ತದೆ. ಬಿಳಿಗೆರೆಯಂತಹ ಹೋಬಳಿ ಕೇಂದ್ರದಿಂದ ಹೊರಡುವ ಅಭ್ಯರ್ಥಿಯು ಅರ್ಜಿ ಮತ್ತು ಹಣ ಎರಡರ ಸಿದ್ಧತೆಯನ್ನೂ ಪದವಿಯ ಕೊನೆಯ ವರ್ಷದಲ್ಲೇ ಆರಂಭಿಸುವುದು ಒಳಿತು.

ಶುಲ್ಕಕ್ಕಿಂತ ದೊಡ್ಡ ಖರ್ಚು

ಭಾರತದಲ್ಲಿ ಸಮಾಜಕಾರ್ಯದ ಶಿಕ್ಷಣ 1936ರಲ್ಲಿ ಮುಂಬೈಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆಯೊಂದಿಗೆ ಆರಂಭವಾಯಿತು. ಆ ಶಾಲೆಯೇ 1944ರಿಂದ ಟಾಟಾ ಸಮಾಜವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಟಿಸ್. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಸ್ಥಾಪನೆಯಾಯಿತು. ಅಂದಿನಿಂದ ಇಂದಿನವರೆಗೆ ಪಠ್ಯಕ್ರಮ ಹಲವು ಬಾರಿ ಬದಲಾಗಿದ್ದರೂ ಬದಲಾಗದೆ ಉಳಿದಿರುವುದು ಕ್ಷೇತ್ರಕಾರ್ಯ. ಸಾಮಾನ್ಯವಾಗಿ ವಾರದಲ್ಲಿ ಎರಡು ದಿನ ವಿದ್ಯಾರ್ಥಿಯು ಯಾವುದಾದರೂ ಸಂಸ್ಥೆ, ಆಸ್ಪತ್ರೆ, ಶಾಲೆ ಅಥವಾ ಬಡಾವಣೆಯಲ್ಲಿ ಕೆಲಸ ಮಾಡಿ ವರದಿ ಬರೆದು ಮೇಲ್ವಿಚಾರಕರಿಗೆ ಒಪ್ಪಿಸಬೇಕು. ಇದಲ್ಲದೆ ಗ್ರಾಮೀಣ ಅಥವಾ ಬುಡಕಟ್ಟು ಪ್ರದೇಶದ ಶಿಬಿರ, ಅಧ್ಯಯನ ಪ್ರವಾಸ, ಕೊನೆಯ ಸೆಮಿಸ್ಟರಿನ ಆಸುಪಾಸಿನಲ್ಲಿ ಒಂದು ತಿಂಗಳ ನಿರಂತರ ತರಬೇತಿ, ಪ್ರಬಂಧ ಇರುತ್ತವೆ.

ಅರ್ಜಿ ಹಾಕುವವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ಇದನ್ನೇ. ಇತರ ಎಂ.ಎ. ವಿದ್ಯಾರ್ಥಿಗಳು ಮಧ್ಯಾಹ್ನದ ನಂತರ ಅಂಗಡಿಯಲ್ಲೋ ಟ್ಯೂಷನ್‌ನಲ್ಲೋ ದುಡಿದು ಖರ್ಚು ಸರಿದೂಗಿಸುವುದುಂಟು. ಎಂಎಸ್‌ಡಬ್ಲ್ಯು ವಿದ್ಯಾರ್ಥಿಗೆ ಆ ಅವಕಾಶ ಬಲು ಕಡಿಮೆ. ಕ್ಷೇತ್ರಕಾರ್ಯಕ್ಕೆ ಸಾಮಾನ್ಯವಾಗಿ ಸಂಭಾವನೆ ಇರುವುದಿಲ್ಲ. ಬಸ್ಸಿನ ಖರ್ಚು, ಊಟ, ಶಿಬಿರದ ವಂತಿಗೆ, ಪ್ರಬಂಧದ ಮುದ್ರಣ ಎಲ್ಲವೂ ಕೈಯಿಂದಲೇ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಖಾಸಗಿಯವುಗಳಿಗಿಂತ ಎಷ್ಟೋ ಕಡಿಮೆ ಎಂಬುದು ನಿಜವಾದರೂ ಈ ಬಿಡಿ ಖರ್ಚುಗಳು ಶುಲ್ಕವನ್ನೇ ಮೀರಿಸಬಲ್ಲವು. ಪ್ರಾಸ್ಪೆಕ್ಟಸ್‌ನಲ್ಲಿ ಇವುಗಳಿಗೆ ಪ್ರತ್ಯೇಕ ಕಾಲಂ ಇರುವುದು ಅಪರೂಪ. ಹಿರಿಯ ವಿದ್ಯಾರ್ಥಿಗಳನ್ನು ವಿಚಾರಿಸುವುದೊಂದೇ ದಾರಿ.

ಮಹಿಳಾ ಅಭ್ಯರ್ಥಿಗಳಿಗೆ ಈ ಲೆಕ್ಕದಲ್ಲಿ ಒಂದು ಅನುಕೂಲವಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಬಿಳಿಗೆರೆಯಿಂದ ಮಾನಸಗಂಗೋತ್ರಿಗೆ ನಿತ್ಯ ಓಡಾಡುವ ಯುವತಿಗೆ ಉಳಿತಾಯ ಸಣ್ಣದಲ್ಲ. ಯುವಕರು ವಿದ್ಯಾರ್ಥಿ ರಿಯಾಯಿತಿ ಪಾಸ್‌ ಅಥವಾ ನಂಜನಗೂಡಿನ ಮೂಲಕ ಹಾದುಹೋಗುವ ಚಾಮರಾಜನಗರ–ಮೈಸೂರು ರೈಲನ್ನು ಅವಲಂಬಿಸಬಹುದು. ಆದರೆ ಕ್ಷೇತ್ರಕಾರ್ಯದ ದಿನಗಳಲ್ಲಿ ಸಂಜೆ ತಡವಾಗುವುದರಿಂದ ಹಾಸ್ಟೆಲ್‌ ಬೇಕೇ ಎಂಬುದನ್ನು ಪ್ರವೇಶಕ್ಕೆ ಮೊದಲೇ ತೀರ್ಮಾನಿಸಬೇಕು. ಹಾಸ್ಟೆಲ್‌ ಮತ್ತು ವಸತಿ ಭತ್ಯೆ ಎರಡನ್ನೂ ಒಟ್ಟಿಗೆ ಪಡೆಯಲಾಗದು.

ಯಾವ ವಿಶ್ವವಿದ್ಯಾಲಯ?

ಈ ಭಾಗದವರಿಗೆ ಸಹಜ ಆಯ್ಕೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿರುವ ಸಮಾಜಕಾರ್ಯ ಅಧ್ಯಯನ ವಿಭಾಗ. ಪದವಿ ಪರೀಕ್ಷೆಗಳ ನಂತರ ವಿಶ್ವವಿದ್ಯಾಲಯ ಹೊರಡಿಸುವ ಸ್ನಾತಕೋತ್ತರ ಪ್ರವೇಶ ಪ್ರಕಟಣೆಯನ್ನು ಗಮನಿಸಿ ಆನ್‌ಲೈನ್‌ ಮೂಲಕ ಅರ್ಜಿ ಸಲ್ಲಿಸಬೇಕು. ಕೊನೆಯ ಸೆಮಿಸ್ಟರಿನ ಅಂಕಪಟ್ಟಿ ಕೈಸೇರಿಲ್ಲವೆಂದು ಕಾದು ಕೂರುವುದು ಸಾಮಾನ್ಯ ತಪ್ಪು. ಫಲಿತಾಂಶದ ನಿರೀಕ್ಷೆಯಲ್ಲಿರುವವರಿಗೆ ಅವಕಾಶವಿದೆಯೇ ಎಂಬುದನ್ನು ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು.

ನೆರೆಯ ಚಾಮರಾಜನಗರದ ಸುವರ್ಣಗಂಗೋತ್ರಿ ಆವರಣವು ಹಿಂದೆ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು ಈಚೆಗೆ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. ಇಂತಹ ಹೊಸ ವಿಶ್ವವಿದ್ಯಾಲಯಗಳ ಪೈಕಿ 9ನ್ನು ಮುಚ್ಚುವಂತೆ 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿತ್ತು. ಆದ್ದರಿಂದ ಪದವಿ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳುವುದರಲ್ಲಿ ತಪ್ಪಿಲ್ಲ.

ರಾಜ್ಯದಾಚೆ ನೋಡುವವರಿಗೆ ಟಿಸ್‌ ಇದೆ. 2023ರಿಂದ ಅಲ್ಲಿನ ಸ್ನಾತಕೋತ್ತರ ಪ್ರವೇಶಕ್ಕೆ ತನ್ನದೇ ಪರೀಕ್ಷೆಯ ಬದಲು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ನಡೆಸುವ ಸಿಯುಇಟಿ–ಪಿಜಿ ಅಂಕಗಳನ್ನು ಪರಿಗಣಿಸಲಾಗುತ್ತಿದೆ. ಕಲಬುರಗಿ ಬಳಿಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಇದೇ ಪರೀಕ್ಷೆ. ಇದರ ಅರ್ಜಿ ಅವಧಿ ಚಳಿಗಾಲದಲ್ಲೇ, ರಾಜ್ಯದ ವಿಶ್ವವಿದ್ಯಾಲಯಗಳ ಪ್ರಕಟಣೆಗಿಂತ ಹಲವು ತಿಂಗಳು ಮೊದಲೇ ಮುಗಿಯುತ್ತದೆ. ಗ್ರಾಮೀಣ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ಪರೀಕ್ಷೆ ಕೈತಪ್ಪುವುದು ಬುದ್ಧಿಶಕ್ತಿಯ ಕೊರತೆಯಿಂದಲ್ಲ, ದಿನಾಂಕದ ಮಾಹಿತಿ ತಲುಪದಿರುವುದರಿಂದ.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ನೀಡುವುದು ಎಂಎಸ್‌ಡಬ್ಲ್ಯು ಅಲ್ಲ, ಅಭಿವೃದ್ಧಿ ವಿಷಯದ ಎಂ.ಎ. ಕುಟುಂಬದ ಆರ್ಥಿಕ ಸ್ಥಿತಿಯನ್ನು ಆಧರಿಸಿ ಶುಲ್ಕ ಮತ್ತು ವಸತಿಗೆ ಅದು ನೀಡುವ ನೆರವು ಉದಾರವಾದುದು. ಆದರೆ ಅಧಿಸೂಚನೆಯಲ್ಲಿ ‘ಎಂಎಸ್‌ಡಬ್ಲ್ಯು’ ಎಂದೇ ಸ್ಪಷ್ಟವಾಗಿ ಕೇಳುವ ಹುದ್ದೆಗೆ ಈ ಪದವಿ ಸಲ್ಲದೆ ಹೋಗಬಹುದು. ಕೆಲಸದಲ್ಲಿರುವವರಿಗೆ ಇಗ್ನೋದ ದೂರಶಿಕ್ಷಣ ಎಂಎಸ್‌ಡಬ್ಲ್ಯು ಇದ್ದು, ಅಲ್ಲಿಯೂ ಕ್ಷೇತ್ರಕಾರ್ಯ ಕಡ್ಡಾಯ.

ವಿಶೇಷ ಅಧ್ಯಯನದ ಆಯ್ಕೆಯೂ ಮುಂದಿನ ಸಂಪಾದನೆಯನ್ನು ನಿರ್ಧರಿಸುತ್ತದೆ. ನೆಸ್ಲೆ, ಜುಬಿಲಂಟ್‌ ಮೊದಲಾದ ಕಾರ್ಖಾನೆಗಳಿರುವ ನಂಜನಗೂಡಿನ ಕೈಗಾರಿಕಾ ಪ್ರದೇಶ ಕಣ್ಣೆದುರೇ ಇರುವುದರಿಂದ ಇಲ್ಲಿನ ಅನೇಕರು ಮಾನವ ಸಂಪನ್ಮೂಲ ವಿಭಾಗವನ್ನು ಬಯಸುತ್ತಾರೆ. 1948ರ ಕಾರ್ಖಾನೆಗಳ ಕಾಯ್ದೆ 500 ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ ಕಲ್ಯಾಣಾಧಿಕಾರಿಯನ್ನು ಕಡ್ಡಾಯಗೊಳಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಈ ಮಿತಿ 250ಕ್ಕೆ ಇಳಿದಿದೆ. ವೈದ್ಯಕೀಯ ಮತ್ತು ಮನೋವೈದ್ಯಕೀಯ ವಿಭಾಗದವರು ಇನ್ನೊಂದು ವಿಚಾರ ತಿಳಿದಿರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ‘ಮನೋವೈದ್ಯಕೀಯ ಸಮಾಜಕಾರ್ಯಕರ್ತ’ ಎನಿಸಿಕೊಳ್ಳಲು ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ಎಂ.ಫಿಲ್‌ ಕೂಡ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ ಇದಕ್ಕೆ ಹೆಸರಾದ ಸಂಸ್ಥೆ. ಎಂ.ಫಿಲ್‌ ಪದವಿಯನ್ನೇ ನಿಲ್ಲಿಸಿದ ಯುಜಿಸಿ, ಈ ವಿಷಯಕ್ಕೆ 2025–26ರವರೆಗೆ ವಿನಾಯಿತಿ ವಿಸ್ತರಿಸಿತ್ತು. ಆ ಬಳಿಕ ಸೇರಬಯಸುವವರು ಸಂಸ್ಥೆಯ ಹೊಸ ಪ್ರಕಟಣೆಯನ್ನೇ ಆಧರಿಸಬೇಕಾಗುತ್ತದೆ.

ಸಂದರ್ಶನದಲ್ಲಿ, ಉದ್ದೇಶ ಪತ್ರದಲ್ಲಿ

ಸಂದರ್ಶನ ಅಥವಾ ಉದ್ದೇಶ ಪತ್ರ ಇರುವ ಸಂಸ್ಥೆಗಳಲ್ಲಿ ‘ಸಮಾಜ ಸೇವೆ ಮಾಡಬೇಕೆಂಬ ಹಂಬಲ’ ಎಂಬ ಸಾಲು ಎಲ್ಲ ಅರ್ಜಿಗಳಲ್ಲೂ ಇರುತ್ತದೆ, ಆದ್ದರಿಂದ ಅದಕ್ಕೆ ಬೆಲೆಯಿಲ್ಲ. ಸೇವೆ ಬೇರೆ, ಸಮಾಜಕಾರ್ಯವೆಂಬ ವೃತ್ತಿ ಬೇರೆ ಎಂಬುದು ಈ ವಿಷಯದ ಮೊದಲ ಪಾಠ. ಅಭ್ಯರ್ಥಿ ಕಣ್ಣಾರೆ ಕಂಡದ್ದನ್ನು ಬರೆಯುವುದು ಮೇಲು. 2018 ಮತ್ತು 2019ರಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದಾಗ ಪರಿಹಾರ ಯಾರಿಗೆ ತಲುಪಿತು, ದಾಖಲೆಯಿಲ್ಲದ ಬಾಡಿಗೆದಾರರು ಏನಾದರು? 2020ರಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರಲ್ಲಿ ಕೋವಿಡ್‌ ಕಾಣಿಸಿಕೊಂಡಾಗ ಆ ಕುಟುಂಬಗಳನ್ನು ನೆರೆಹೊರೆ ಹೇಗೆ ನಡೆಸಿಕೊಂಡಿತು? ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕಪುಸ್ತಕವನ್ನು ಬರೆಯುವವರು ಯಾರು? ಇಂತಹ ಒಂದು ಸಂಗತಿಯನ್ನು ಹಿಡಿದು ಅರ್ಧ ಪುಟ ಬರೆಯಬಲ್ಲ ಗ್ರಾಮೀಣ ಅಭ್ಯರ್ಥಿಗೆ ನಗರದವರಿಗಿಲ್ಲದ ಬಂಡವಾಳವಿದೆ. ಎನ್‌ಎಸ್‌ಎಸ್‌ ಶಿಬಿರದ ಪ್ರಮಾಣಪತ್ರವನ್ನು ಲಗತ್ತಿಸುವುದು ಸುಲಭ, ಆ ಶಿಬಿರದಲ್ಲಿ ಏನು ವಿಫಲವಾಯಿತೆಂದು ಹೇಳುವುದು ಕಷ್ಟ. ಸಂದರ್ಶಕರು ಕೇಳುವುದು ಎರಡನೆಯದನ್ನೇ.

ವಿದ್ಯಾರ್ಥಿ ವೇತನದ ದಾರಿ

ರಾಜ್ಯದ ಹೆಚ್ಚಿನ ಮೆಟ್ರಿಕ್‌ ನಂತರದ ವಿದ್ಯಾರ್ಥಿ ವೇತನಗಳಿಗೆ ಈಗ ಸ್ಟೇಟ್‌ ಸ್ಕಾಲರ್‌ಶಿಪ್‌ ಪೋರ್ಟಲ್‌ ಅಥವಾ ಎಸ್‌ಎಸ್‌ಪಿ ಒಂದೇ ಬಾಗಿಲು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಇಲ್ಲಿಯೇ ಅರ್ಜಿ ಸಲ್ಲಿಸುತ್ತಾರೆ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಕೇಂದ್ರ ಪುರಸ್ಕೃತ ಯೋಜನೆಯಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂ. ಇದೆ. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗಕ್ಕೆ ಅನುಗುಣವಾಗಿ ಮಿತಿ ಬೇರೆಬೇರೆ.

ಅರ್ಜಿಗಳು ತಿರಸ್ಕೃತವಾಗುವುದು ಬಹುಪಾಲು ಅರ್ಹತೆಯ ಪ್ರಶ್ನೆಯಿಂದಲ್ಲ, ಕಾಗದದ ಗೊಂದಲದಿಂದ. ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ಬ್ಯಾಂಕ್‌ ಖಾತೆ ಇದ್ದರೂ ಅದಕ್ಕೆ ಆಧಾರ್‌ ಜೋಡಣೆಯಾಗಿರುವುದಿಲ್ಲ. ಹಣ ಎಂದೋ ಮರೆತ ಹಳೆಯ ಖಾತೆಗೆ ಹೋಗಿ ಬೀಳುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಪೋರ್ಟಲ್‌ ನೇರವಾಗಿ ಪರಿಶೀಲಿಸುವುದರಿಂದ ಅವಧಿ ಮೀರಿದ ಪತ್ರ ಕೆಲಸಕ್ಕೆ ಬಾರದು. ಇದನ್ನು ನವೀಕರಿಸಲು ಮೈಸೂರಿಗಾಗಲಿ ನಂಜನಗೂಡಿಗಾಗಲಿ ಹೋಗಬೇಕಿಲ್ಲ. ಹೋಬಳಿ ಮಟ್ಟದ ನಾಡಕಚೇರಿಯಲ್ಲೇ ಅರ್ಜಿ ಕೊಡಬಹುದು.

ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಸರ್ಕಾರಿ ಹಾಸ್ಟೆಲ್‌ ಸಿಗದಿದ್ದಲ್ಲಿ ಊಟ–ವಸತಿಗೆ ನೆರವಾಗಲು 2013–14ರಲ್ಲಿ ವಿದ್ಯಾಸಿರಿ ಯೋಜನೆ ಬಂತು. ಆರಂಭದಲ್ಲಿ ತಿಂಗಳಿಗೆ 1,500 ರೂ.ನಂತೆ 10 ತಿಂಗಳು ನೀಡಲಾಗುತ್ತಿತ್ತು. ರೈತರ ಮಕ್ಕಳಿಗಾಗಿ 2021ರಲ್ಲಿ ಪ್ರಕಟವಾದ ವಿದ್ಯಾನಿಧಿ ಯೋಜನೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವರ್ಷಕ್ಕೆ 10,000 ರೂ., ವಿದ್ಯಾರ್ಥಿನಿಯರಿಗೆ 11,000 ರೂ. ನಿಗದಿಯಾಗಿತ್ತು. ಈ ಎರಡರಲ್ಲೂ ಆಯಾ ವರ್ಷದ ಆದೇಶವನ್ನು ನೋಡಿಯೇ ಮುಂದುವರಿಯಬೇಕು.

ಹೆಚ್ಚು ಜನರ ಗಮನಕ್ಕೆ ಬಾರದೆ ಉಳಿದಿರುವುದು ಕಾರ್ಮಿಕ ಇಲಾಖೆಯ ನೆರವು. ತಂದೆ ಅಥವಾ ತಾಯಿ ಕಾರ್ಖಾನೆಯ ನೌಕರರಾಗಿದ್ದು ಅವರ ವಂತಿಗೆ ಕಾರ್ಮಿಕ ಕಲ್ಯಾಣ ಮಂಡಳಿಗೆ ಸಲ್ಲುತ್ತಿದ್ದರೆ ಮಕ್ಕಳು ಸ್ನಾತಕೋತ್ತರ ಹಂತದವರೆಗೆ ಶೈಕ್ಷಣಿಕ ಪ್ರೋತ್ಸಾಹಧನ ಕೇಳಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾದ ಗಾರೆ ಕೆಲಸದವರು, ಬಡಗಿಗಳು, ಬಣ್ಣ ಬಳಿಯುವವರ ಮಕ್ಕಳಿಗೂ ಪ್ರತ್ಯೇಕ ಸಹಾಯಧನವಿದೆ. ಕೈಗಾರಿಕಾ ಪ್ರದೇಶಕ್ಕೆ ದಿನವೂ ಜನ ಕೆಲಸಕ್ಕೆ ಹೋಗುವ ತಾಲ್ಲೂಕಿನಲ್ಲಿ ಇದು ಬಹಳ ಮನೆಗಳಿಗೆ ಅನ್ವಯಿಸುವ ಮಾತು.

ರಾಷ್ಟ್ರ ಮಟ್ಟದಲ್ಲಿ ಯುಜಿಸಿ 2023–24ರಿಂದ ಹಿಂದಿನ ಹಲವು ಯೋಜನೆಗಳ ಬದಲು ಒಂದೇ ಸ್ನಾತಕೋತ್ತರ ವಿದ್ಯಾರ್ಥಿ ವೇತನವನ್ನು ತಂದಿದೆ. ವರ್ಷಕ್ಕೆ 10,000 ಮಂದಿಗೆ ತಿಂಗಳಿಗೆ 15,000 ರೂ.ನಂತೆ ವರ್ಷದಲ್ಲಿ 10 ತಿಂಗಳು ದೊರೆಯುತ್ತದೆ. ಪದವಿಯ ಅಂಕಗಳೇ ಆಧಾರ. ಶೇ 30 ಸ್ಥಾನ ಮಹಿಳೆಯರಿಗೆ ಮೀಸಲು. ಮೊದಲ ವರ್ಷದಲ್ಲಿರುವಾಗಲೇ ರಾಷ್ಟ್ರೀಯ ವಿದ್ಯಾರ್ಥಿ ವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು.

ಒಂದು ಎಚ್ಚರಿಕೆ: ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂ. ನೀಡುವ ಯುವನಿಧಿ ಯೋಜನೆ ಉನ್ನತ ವ್ಯಾಸಂಗ ಮುಂದುವರಿಸುವವರಿಗೆ ಅಲ್ಲ. ಎಂಎಸ್‌ಡಬ್ಲ್ಯು ಸೇರಿದವರು ಅದನ್ನು ಖರ್ಚಿನ ಲೆಕ್ಕದಲ್ಲಿ ಹಿಡಿಯಬಾರದು.

ಸಾಲ ಮಾಡುವ ಮುನ್ನ

ವಿದ್ಯಾರ್ಥಿ ವೇತನ ಮಂಜೂರಾಗುವುದಕ್ಕೂ ಕೈಗೆ ಬರುವುದಕ್ಕೂ ನಡುವೆ ತಿಂಗಳುಗಳೇ ಕಳೆಯುತ್ತವೆ. ಶುಲ್ಕದ ಗಡುವು ಮಾತ್ರ ಕಾಯುವುದಿಲ್ಲ. 2018ರ ಫೆಬ್ರುವರಿಯಲ್ಲಿ ಟಿಸ್‌ ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿ ಮುಷ್ಕರ ಹೂಡಿದ್ದು ಈ ಅಂತರದ ಪ್ರಶ್ನೆಯ ಮೇಲೆಯೇ. ಮೆಟ್ರಿಕ್‌ ನಂತರದ ವಿದ್ಯಾರ್ಥಿ ವೇತನಕ್ಕೆ ಅರ್ಹರಾದವರಿಗೆ ಇದ್ದ ಶುಲ್ಕ ವಿನಾಯಿತಿ ಹಿಂದೆ ಸರಿದಾಗ ಮುಂಗಡ ಹಣ ಕಟ್ಟಲಾಗದವರು ಕಂಗಾಲಾಗಿದ್ದರು. ಹೊರರಾಜ್ಯದ ಸಂಸ್ಥೆಗೆ ಹೋಗುವವರು ಶುಲ್ಕವನ್ನು ಮೊದಲು ಕಟ್ಟಬೇಕೋ, ವೇತನ ಬಂದ ಮೇಲೆ ಹೊಂದಿಸಿಕೊಳ್ಳುತ್ತಾರೋ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ 7.5 ಲಕ್ಷ ರೂ.ವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ. ಓದು ಮುಗಿದು ಒಂದು ವರ್ಷದ ಬಳಿಕ ಮರುಪಾವತಿ ಆರಂಭವಾಗುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಗುಣಮಟ್ಟದ ಸಂಸ್ಥೆಗಳಿಗೆ ಸೇರಿದವರಿಗೆ ಜಾಮೀನಿಲ್ಲದ ಸಾಲವಿದೆ. ಕುಟುಂಬದ ಆದಾಯ 8 ಲಕ್ಷ ರೂ. ಒಳಗಿದ್ದು ಬೇರೆ ಸರ್ಕಾರಿ ನೆರವು ಪಡೆಯದಿದ್ದರೆ 10 ಲಕ್ಷ ರೂ.ವರೆಗಿನ ಸಾಲಕ್ಕೆ ಶೇ 3 ಬಡ್ಡಿ ಸಹಾಯಧನ. ಸಂಸ್ಥೆಗಳ ಪಟ್ಟಿ ಎನ್‌ಐಆರ್‌ಎಫ್‌ ಶ್ರೇಣಿಗೆ ಅನುಗುಣವಾಗಿ ಬದಲಾಗುತ್ತಿರುತ್ತದೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ನಿಗಮಗಳ ‘ಅರಿವು’ ಸಾಲವು ಪ್ರಧಾನವಾಗಿ ಸಿಇಟಿ ಮೂಲಕ ಸೇರುವ ವೃತ್ತಿಪರ ಕೋರ್ಸ್‌ಗಳಿಗೆ ಇರುವಂಥದ್ದು. ಎಂಎಸ್‌ಡಬ್ಲ್ಯುಗೆ ಅದು ಸಿಕ್ಕೇ ಸಿಗುತ್ತದೆಂದು ಭಾವಿಸಬಾರದು.

ಸಾಲದ ಮೊತ್ತವನ್ನು ನಿರ್ಧರಿಸುವಾಗ ಮುಂದಿನ ಸಂಬಳವನ್ನು ಎದುರಿಗಿಟ್ಟುಕೊಳ್ಳುವುದು ಅಗತ್ಯ. ಮಕ್ಕಳ ರಕ್ಷಣಾ ಘಟಕ, ಸಖಿ ಕೇಂದ್ರ, ಎಚ್‌ಐವಿ ಆಪ್ತಸಮಾಲೋಚನಾ ಕೇಂದ್ರಗಳಂಥ ಕಡೆ ಎಂಎಸ್‌ಡಬ್ಲ್ಯು ಪದವೀಧರರಿಗೆ ಸಿಗುವುದು ಬಹುತೇಕ ಗುತ್ತಿಗೆ ಹುದ್ದೆಗಳು. ಯೋಜನೆಯ ಹಣ ತಡವಾದರೆ ಸಂಬಳವೂ ತಡ. ವಕೀಲರಿಗೆ, ದಾದಿಯರಿಗೆ ಇರುವಂತಹ ಪ್ರತ್ಯೇಕ ವೃತ್ತಿ ಪರಿಷತ್ತು ಸಮಾಜಕಾರ್ಯಕ್ಕೆ ಇಲ್ಲ; 2021ರ ಆರೋಗ್ಯ ಪೂರಕ ವೃತ್ತಿಗಳ ಆಯೋಗದ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಹೀಗಿರುವಾಗ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಕೈಗೆ ಬಂದಿದ್ದರೂ ಹೆಸರಿನ ಮೋಹಕ್ಕೆ ಲಕ್ಷಗಟ್ಟಲೆ ಸಾಲ ಮಾಡಿ ಖಾಸಗಿ ಸಂಸ್ಥೆಗೆ ಸೇರುವುದು ಜಾಣತನವಲ್ಲ. ಮಾನವ ಸಂಪನ್ಮೂಲ ವಿಭಾಗ ಅಥವಾ ನಿಮ್ಹಾನ್ಸ್‌ನ ದಾರಿ ಹಿಡಿಯುವವರ ಲೆಕ್ಕ ಸ್ವಲ್ಪ ಬೇರೆ.

ಮೊದಲ ವರ್ಷ ವಿದ್ಯಾರ್ಥಿ ವೇತನ ಬಂದವರು ಎರಡನೇ ವರ್ಷ ಅದು ತಾನಾಗಿಯೇ ಮುಂದುವರಿಯುತ್ತದೆಂದು ಸುಮ್ಮನಿರಬಾರದು. ಎಸ್‌ಎಸ್‌ಪಿಯಲ್ಲಿ ಪ್ರತಿ ಶೈಕ್ಷಣಿಕ ವರ್ಷವೂ ಅರ್ಜಿ ಸಲ್ಲಿಸಬೇಕು, ಹಿಂದಿನ ವರ್ಷದ ಫಲಿತಾಂಶವನ್ನೂ ನಮೂದಿಸಬೇಕು.